ಮೇಷ್ಟ್ರು ಬೆಟ್ಟ ನೋಡಿದ್ದು

ಮಂಡ್ಯದ ಸೀಮೆಯಲ್ಲಿ ಬೆಟ್ಟಗಳಿಗೇನೂ ಕೊರತೆಯಿಲ್ಲ. ಬೆಟ್ಟವನ್ನು ನೋಡುವ ಅಭ್ಯಾಸ ಮಾತ್ರ ಅಲ್ಲಿಯವರಿಗೆ ಕೊಂಚ ಕಡಿಮೆ. ಇದನ್ನು ದೂಷಣೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಮೇಲುಕೋಟೆಗೆ ಹೋಗುವವರು ಚೆಲುವರಾಯನ ವೈರಮುಡಿಗೆಂದು ಹೋಗುತ್ತಾರೆ. ಆದಿಚುಂಚನಗಿರಿಯನ್ನೇರುವವರು ಭೈರವನಿಗೆ ಹೊತ್ತ ಹರಕೆಯನ್ನು ತೀರಿಸಲೆಂದು ಏರುತ್ತಾರೆ. ಮಳವಳ್ಳಿಯ ಕಡೆಯವರಿಗೆ ಕುಂದೂರು ಬೆಟ್ಟವಿದೆ, ಶ್ರೀರಂಗಪಟ್ಟಣದ ಕಡೆಯವರಿಗೆ ಕರಿಘಟ್ಟವಿದೆ. ಮೆಟ್ಟಿಲು ಹತ್ತಿ, ಹಣ್ಣುಕಾಯಿ ಮಾಡಿಸಿ, ತಂದ ಬುತ್ತಿಯನ್ನು ಬಂಡೆಯ ನೆರಳಿನಲ್ಲಿ ಬಿಚ್ಚಿ ಉಂಡು, ಇಳಿಯುವಾಗ ಒಮ್ಮೆ ತಿರುಗಿ ನೋಡಿದರೆ ಕೆಳಗೆ ಗದ್ದೆಯ ಹಸಿರು ಕಣ್ಣಿಗೆ ಬೀಳುತ್ತದೆ. ಅದು ದೇವರ ದರ್ಶನದ ಮೇಲೆ ದೊರೆತ ಕೊಸರು. ನೋಟಕ್ಕಾಗಿಯೇ ಬೆಟ್ಟ ಹತ್ತುವುದು ಬಿಳಿಯ ದೊರೆಗಳು ಉದಕಮಂಡಲದಲ್ಲಿ ಬಂಗಲೆಗಳನ್ನು ಕಟ್ಟಿದ ಮೇಲೆ ನಮ್ಮವರಿಗೆ ಅಂಟಿದ ರೂಢಿ. ಅದೂ ಪೇಟೆಯವರಿಗೆ ಮಾತ್ರ.

ಇದಕ್ಕೆ ಇನ್ನೊಂದು ಕಾರಣವನ್ನೂ ಹೇಳಬಹುದು. ಕನ್ನಂಬಾಡಿಯ ನೀರು 1930ರ ದಶಕದಲ್ಲಿ ಹುಲಿಕೆರೆಯ ಬಳಿ ಸುರಂಗದೊಳಗೆ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಇಳಿದಂದಿನಿಂದ ಅಲ್ಲಿಯ ರೈತನ ಕಣ್ಣು ಕಾಲುವೆಯ ಮೇಲೆ ನೆಟ್ಟಿತು. ತೂಬು ಎತ್ತಿದರೋ ಇಲ್ಲವೋ, ನೀರು ಕೊನೆಯ ಗದ್ದೆಗೆ ಮುಟ್ಟಿತೋ ಇಲ್ಲವೋ ಎಂದು ನೆಲವನ್ನೇ ನೋಡುವವನಿಗೆ ತಲೆಯೆತ್ತಿ ದಿಗಂತವನ್ನು ನೋಡುವ ಪುರಸತ್ತೆಲ್ಲಿ? 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲಂತೂ ಕಬ್ಬು ಆಳೆತ್ತರಕ್ಕೆ ಬೆಳೆದು ನಿಂತು ಇರುವ ದಿಗಂತವನ್ನೂ ಮರೆಮಾಡಿತು.

ಹೀಗಿರಲು, ಮದ್ದೂರಿನಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ 71ನೆಯ ವಯಸ್ಸಿನಲ್ಲಿ, ದೇವರ ಹರಕೆಯೂ ಇಲ್ಲದೆ, ನೆಂಟರ ಮದುವೆಯೂ ಇಲ್ಲದೆ, ಕೇವಲ ಒಂದು ಬೆಟ್ಟವನ್ನೂ ಕೆಲವು ಕಲ್ಲುಗಳನ್ನೂ ನೋಡುವುದಕ್ಕಾಗಿ ಚಿತ್ರದುರ್ಗದವರೆಗೆ ಹೋಗಬೇಕೆಂದು ಹಟ ಹಿಡಿದಾಗ ಮನೆಯವರಿಗೆ ಆಶ್ಚರ್ಯವಾದದ್ದು ಸಹಜವೇ.

ಮೇಷ್ಟ್ರು ಪ್ರೌಢಶಾಲೆಯಲ್ಲಿ 31 ವರ್ಷ ಭೂಗೋಳ ಪಾಠ ಮಾಡಿದವರು. ಜ್ವಾಲಾಮುಖಿಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಕೆಂಪು ಹಳದಿ ಸೀಮೆಸುಣ್ಣಗಳಿಂದ ಅವರು ಬರೆಯುತ್ತಿದ್ದ ಬೆಟ್ಟದ ಚಿತ್ರವನ್ನು ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ. ವೆಸೂವಿಯಸ್, ಫ್ಯೂಜಿಯಾಮ, ಹವಾಯಿಯ ಕಿಲಾವೆಯ ಮೊದಲಾದ ಹೆಸರುಗಳು ಶಿಂಷಾ ನದಿಯ ದಡದ ಹುಡುಗರ ಬಾಯಲ್ಲಿ ಕುಣಿದಾಡುತ್ತಿದ್ದವು. ಅಂಡಮಾನಿನ ಬ್ಯಾರನ್ ದ್ವೀಪ 1991ರಲ್ಲಿ ಬಹುಕಾಲದ ನಿದ್ರೆಯಿಂದೆದ್ದು ಬೆಂಕಿ ಉಗುಳಿದಾಗ ಮೇಷ್ಟ್ರು ವೃತ್ತಪತ್ರಿಕೆಯ ತುಣುಕನ್ನು ತರಗತಿಯ ಗೋಡೆಗೆ ಅಂಟಿಸಿದ್ದರು. ಆದರೆ ಅಂಡಮಾನು ದೂರ, ಹವಾಯಿ ಇನ್ನೂ ದೂರ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಅವರಿಗೆ ದಕ್ಕಿದ್ದು 1902ರಿಂದ ಕೋಲಾರಕ್ಕೆ ವಿದ್ಯುತ್ತನ್ನು ಕಳುಹಿದ ಶಿವನಸಮುದ್ರ ಮತ್ತು ವರ್ಷಕ್ಕೊಮ್ಮೆ ಕರಿಘಟ್ಟ.

ಕರಿಘಟ್ಟದ ಮೇಲೆ ಅವರಿಗೆ ವಿಶೇಷ ಮಮತೆ. 2,697 ಅಡಿ ಎತ್ತರದ ಆ ಬೆಟ್ಟದ ನೆತ್ತಿಯಲ್ಲಿ ನಿಂತರೆ ಒಂದು ಕಡೆ ಲೋಕಪಾವನಿ ಕಾವೇರಿಯನ್ನು ಸೇರುವುದು ಕಾಣುತ್ತದೆ, ಇನ್ನೊಂದು ಕಡೆ ಶ್ರೀರಂಗಪಟ್ಟಣದ ದ್ವೀಪ ಭೂಪಟದಲ್ಲಿ ಬರೆದಷ್ಟೇ ಸ್ಪಷ್ಟವಾಗಿ ಬಿಡಿಸಿಕೊಂಡು ಕಾಣುತ್ತದೆ. ದ್ವೀಪವೆಂದರೇನು, ಸಂಗಮವೆಂದರೇನು ಎಂಬುದನ್ನು ಬಾಯಲ್ಲಿ ಹೇಳಿ ತಿಳಿಸುವ ಶ್ರಮ ಅಲ್ಲಿ ಇಲ್ಲ. ಕೈ ತೋರಿಸಿದರೆ ಸಾಕು. ಕಾರ್ನ್‌ವಾಲಿಸನ ದಂಡು 1791ರಲ್ಲಿ ಟಿಪ್ಪುವಿನ ಸೈನ್ಯದೊಡನೆ ಸೆಣಸಿದ್ದು ಇದೇ ಬೆಟ್ಟದ ಆಸುಪಾಸಿನಲ್ಲಿ. ದೇವಾಲಯದ ಶ್ರೀನಿವಾಸನ ಮೂರ್ತಿಯೂ ಕಪ್ಪು, ಬೆಟ್ಟದ ಹೆಸರೂ ಕಪ್ಪು. ಬೆಟ್ಟವೇಕೆ ಕಪ್ಪು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕುವ ಪದ್ಧತಿ ಶಾಲೆಗಳಲ್ಲಿ ಇಲ್ಲ.

ನಿವೃತ್ತರಾದ ಮೇಲೆ ಕೈಗೆ ಬಂದ ಒಂದು ಸಣ್ಣ ಪುಸ್ತಕದಿಂದ ಮೇಷ್ಟ್ರಿಗೆ ಹೊಸ ಸಂಗತಿಯೊಂದು ತಿಳಿಯಿತು. ಗದಗಿನ ಕಡೆಯಿಂದ ಹೊರಟು ಚಿತ್ರದುರ್ಗವನ್ನು ಹಾಯ್ದು ದಕ್ಷಿಣಕ್ಕೆ ಇಳಿಯುವ ಪ್ರಾಚೀನ ಶಿಲೆಗಳ ಪಟ್ಟಿಯೊಂದಿದೆ. ಸುಮಾರು 450 ಕಿಲೋಮೀಟರ್ ಉದ್ದ. ಒಮ್ಮೆ ಅಗಲವಾಗಿ, ಒಮ್ಮೆ ನೂಲಿನಂತೆ ಕಿರಿದಾಗಿ, ಅದರ ಬಾಲ ಶ್ರೀರಂಗಪಟ್ಟಣದ ಸುತ್ತಮುತ್ತ ಬಂದು ಮುಗಿಯುತ್ತದೆ. ಭೂವಿಜ್ಞಾನಿಗಳು ಇದನ್ನು ಚಿತ್ರದುರ್ಗದ ಪಟ್ಟಿಯೆಂದು ಕರೆಯುತ್ತಾರೆ. ಅದರಲ್ಲಿರುವ ಶಿಲೆಗಳಲ್ಲಿ ಕೆಲವು ಸಮುದ್ರದ ತಳದಲ್ಲಿ ಕೂಡಿದ ಕೆಸರು ಮರಳುಗಳಿಂದ ಆದವು. ಕೆಲವು ಆ ಸಮುದ್ರದ ತಳವನ್ನೇ ಸೀಳಿ ಉಕ್ಕಿದ ಲಾವಾ. ತಾವು ಎಷ್ಟೋ ಸಲ ಮಕ್ಕಳನ್ನು ಕೂರಿಸಿಕೊಂಡು ಪುಳಿಯೋಗರೆ ಹಂಚಿದ ಬೆಟ್ಟ ಅದೇ ಪಟ್ಟಿಯ ಬಾಲದ ಕಡೆಯದು ಎಂದು ತಿಳಿದಾಗ ಮೇಷ್ಟ್ರು ಪುಸ್ತಕವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರಂತೆ. ಬಾಲವನ್ನು ಕಂಡವನಿಗೆ ಮೈಯನ್ನು ಕಾಣುವ ಆಸೆಯಾಗದಿರುತ್ತದೆಯೆ? ಮುಂದಿನ ವರ್ಷ ಹೋದರಾಯಿತು ಎಂದು ಏಳೆಂಟು ವರ್ಷಗಳು ಕಳೆದವು. ಗೃಹಸ್ಥರ ಪ್ರವಾಸಗಳೆಲ್ಲ ಹೀಗೆಯೇ.

ಆ ಬಳಿಕ ಕಣ್ಣಿನ ತೊಂದರೆ ಬಂದಿತು. ಹೊಸ ಕನ್ನಡಕ ಹಾಕಿಸಿಕೊಳ್ಳಲೆಂದು ಮಂಡ್ಯಕ್ಕೆ ಹೋದವರಿಗೆ ವೈದ್ಯರು ಅದು ಕನ್ನಡಕದಿಂದ ಸರಿಹೋಗುವ ದೋಷವಲ್ಲ, ಗ್ಲಾಕೋಮ ಎಂದು ಹೇಳಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟದ ನರ ನಿಧಾನವಾಗಿ ಸವೆಯುವ ರೋಗವಿದು. ನೋವಿಲ್ಲ, ಉರಿಯಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕಡೆಯವರೆಗೂ ಉಳಿಯುತ್ತದೆ. ಆದ್ದರಿಂದಲೇ ರೋಗಿಗೆ ಬಹುಕಾಲ ಸುಳಿವು ಹತ್ತುವುದಿಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದುದನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು, ಹೊತ್ತಿಗೆ ಸರಿಯಾಗಿ, ತಪ್ಪದೆ, ಜೀವವಿರುವವರೆಗೆ. ಮೇಷ್ಟ್ರಿಗೆ ಗೊತ್ತುಮಾಡಿದ್ದು ಎರಡು ಸೀಸೆ. ಒಂದನ್ನು ಹಾಕಿ, ರೆಪ್ಪೆ ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಎರಡು ನಿಮಿಷ ಕುಳಿತಿರಬೇಕು. ಐದು ನಿಮಿಷ ಬಿಟ್ಟು ಇನ್ನೊಂದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವರ ಧರ್ಮಪತ್ನಿ ಗಡಿಯಾರ ನೋಡಿ ಹನಿ ಹಾಕುವುದನ್ನು ಸಂಧ್ಯಾವಂದನೆಯಷ್ಟು ನಿಷ್ಠೆಯಿಂದ ನಡೆಸುತ್ತಾರೆ.

ರೋಗ ತಿಳಿಯುವ ವೇಳೆಗೆ ಅಂಚು ಬಹಳಷ್ಟು ಹೋಗಿತ್ತು. ಎದುರಿಗೆ ಕುಳಿತವರ ಮುಖ ಕಾಣುತ್ತದೆ, ಅವರು ನೀಡಿದ ಕಾಫಿಯ ಲೋಟ ಕಾಣುವುದಿಲ್ಲ. ಮದ್ದೂರಿನ ಪೇಟೆಯ ಬೀದಿಯಲ್ಲಿ ಪಕ್ಕದಿಂದ ಬರುವ ಬೈಸಿಕಲ್ಲು ಅವರ ಪಾಲಿಗೆ ಇಲ್ಲ. ಬಿದಿರಿನ ಕೊಳವೆಯೊಳಗಿಂದ ಜಗತ್ತನ್ನು ನೋಡಿದಂತೆ, ಎಂದು ಅವರೇ ಹೇಳುತ್ತಾರೆ. ಮರುಕ ಬೇಡುವ ಧ್ವನಿಯಲ್ಲಿ ಅಲ್ಲ, ಪಾಠ ಹೇಳುವ ಧ್ವನಿಯಲ್ಲಿ.

ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ಮಗ ತಂದೆಯನ್ನು ಕಾಶಿಗೆ ಕರೆದೊಯ್ಯುವುದಾಗಿ ಹೇಳಿದ. ಸೊಸೆ ಊಟಿಯಾದರೂ ಆಗಬಹುದೆಂದಳು. ಮೇಷ್ಟ್ರು ಜೋಗಿಮಟ್ಟಿ ಎಂದರು.

“ಅಲ್ಲೇನಿದೆ ಅಪ್ಪ? ಬರೀ ಗಾಳಿ, ಕಲ್ಲು. ಈ ಕಣ್ಣಿನಲ್ಲಿ ಬೆಟ್ಟ ಹತ್ತಿಸಿ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಗತಿ?”

“ಕಾಶಿಯಲ್ಲಿ ಮೆಟ್ಟಿಲಿಲ್ಲವೇನೋ?” ಎಂದರು ಮೇಷ್ಟ್ರು.

ಈ ವಾದ ಮೂರು ವಾರ ನಡೆಯಿತು. ಮಗನ ಅಂಜಿಕೆ ನಿರಾಧಾರವಾದುದೆಂದು ಹೇಳಲಾಗದು. ವಯಸ್ಸಾದ ತಂದೆಯ ಆಸೆಗಳು ಮಕ್ಕಳಿಗೆ ಖರ್ಚಿಗಿಂತ ಹೆಚ್ಚಾಗಿ ಭಯವನ್ನು ತರುತ್ತವೆ. ಕೊನೆಗೆ ವಾದವನ್ನು ನಿಲ್ಲಿಸಿದವರು ಮನೆಯಾಕೆ. “ಕಣ್ಣಿರೋವಾಗ ಅವರು ಏನು ನೋಡಬೇಕು ಅಂತಾರೋ ಅದನ್ನ ತೋರಿಸಪ್ಪ. ದೇವರು ಎಲ್ಲೂ ಹೋಗಲ್ಲ” ಎಂದರು. ಅಲ್ಲಿಗೆ ಮುಗಿಯಿತು.

ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಹನಿ ಹಾಕಿಸಿಕೊಂಡು, ಬೆಳಕು ಹರಿಯುವ ಮೊದಲೇ ಐವರೂ ಕಾರಿನಲ್ಲಿ ಹೊರಟರು. ಬುತ್ತಿಯ ಜೊತೆಗೆ ಮದ್ದೂರು ವಡೆಯ ಪೊಟ್ಟಣವೊಂದು. ಆ ಊರಿನವರು ಅದಿಲ್ಲದೆ ಪ್ರಯಾಣ ಹೊರಟದ್ದುಂಟೆ? ಕುಣಿಗಲು, ತುಮಕೂರು, ಶಿರಾ. ಗದ್ದೆಯ ಹಸಿರು ಹಿಂದಾಯಿತು, ತೆಂಗಿನ ತೋಟಗಳು ಬಂದವು, ಅವೂ ವಿರಳವಾಗಿ ಬಯಲು ತೆರೆದುಕೊಂಡಿತು. ಹಿರಿಯೂರಿನಲ್ಲಿ ಕಾಫಿಗೆ ನಿಂತಾಗ ಮಗ ಮಾರಿಕಣಿವೆಯ ಕಟ್ಟೆಯನ್ನು ನೋಡಿಬರೋಣವೇ ಎಂದ. 1907ರಲ್ಲಿ ಕಟ್ಟಿ ಮುಗಿಸಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ವೇದಾವತಿ ಹೊಳೆ ಇದೇ ಪ್ರಾಚೀನ ಬೆಟ್ಟಸಾಲನ್ನು ಸೀಳಿಕೊಂಡು ಬರುವ ಕಣಿವೆಗೆ ಅಡ್ಡಲಾಗಿ ಆ ಕಟ್ಟೆ ನಿಂತಿದೆ. ಆದರೂ ಮೇಷ್ಟ್ರು ಬೇಡವೆಂದರು. ಅವರ ಕಣ್ಣು ಬೇಗ ದಣಿಯುತ್ತದೆ. ದಿನದ ನೋಟವನ್ನು ಅವರು ಕಂಜೂಸಿನ ಹಾಗೆ ಕೂಡಿಟ್ಟುಕೊಂಡಿದ್ದರು.

ಮರಡಿಹಳ್ಳಿ ಚಿತ್ರದುರ್ಗಕ್ಕೆ ಆಗ್ನೇಯದಲ್ಲಿ ಸುಮಾರು 16 ಕಿಲೋಮೀಟರ್ ದೂರದಲ್ಲಿದೆ. ಹೆದ್ದಾರಿಯನ್ನು ಬಿಟ್ಟು ಒಳಗೆ ಹೋಗಬೇಕು. ಪ್ರವಾಸಿಗಳ ಜಂಗುಳಿ ಇಲ್ಲ, ಅಂಗಡಿಗಳಿಲ್ಲ. ಕುರುಚಲು ಗಿಡಗಳ ನಡುವೆ ಬೂದುಹಸಿರು ಬಣ್ಣದ ಬಂಡೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ಮಲ್ಪೆಯ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳಿಗೂ ದೊರೆತಿರುವ ಮರ್ಯಾದೆ ಇದು. ಆದರೆ ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ, ಮಲ್ಪೆಯಲ್ಲಿ ಕಡಲಿದೆ. ಮರಡಿಹಳ್ಳಿಯಲ್ಲಿ ಕಲ್ಲಲ್ಲದೆ ಬೇರೇನೂ ಇಲ್ಲ.

ಮಗನ ಮುಖದಲ್ಲಿ ನಿರಾಶೆ ಮೂಡಿತು. “ಇಷ್ಟೇನಾ?” ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ಸೊಸೆ ಕೇಳಿದಳು.

ಪಿಯುಸಿ ಓದುತ್ತಿರುವ ಮೊಮ್ಮಗಳು ತಾತನಿಗೆ ಕೈಯಾಸರೆ ಕೊಟ್ಟು ಬಂಡೆಯ ಬಳಿಗೆ ಕರೆತಂದಳು. ಮೇಷ್ಟ್ರು ಬಗ್ಗಿ ನೋಡಿದರು. ಅವರ ಕೊಳವೆಯ ನೋಟಕ್ಕೆ ಒಂದೊಂದೇ ಕಲ್ಲು ಬಿದ್ದಿತು. ಎಲ್ಲವೂ ದುಂಡಗೆ, ಮೊಟ್ಟೆಯಾಕಾರವಾಗಿ, ಒಂದರ ಮೇಲೊಂದು ಒತ್ತರಿಸಿ ಪೇರಿಸಿದಂತೆ. ಅವರು ಮೊಮ್ಮಗಳಿಗೆ ಪಾಠ ಆರಂಭಿಸಿದರು. ಇವಕ್ಕೆ ದಿಂಬು ಲಾವಾ ಎಂದು ಹೆಸರು. ವಯಸ್ಸು 250 ಕೋಟಿ ವರ್ಷ. ಇಲ್ಲಿ ಆಗ ಸಮುದ್ರವಿತ್ತು. ಆ ಸಮುದ್ರದಲ್ಲಿ ಮೀನುಗಳಿರಲಿಲ್ಲ, ನೆಲದ ಮೇಲೆ ಹುಲ್ಲಿನ ಎಸಳೂ ಇರಲಿಲ್ಲ, ಹಿಮಾಲಯವಂತೂ ಇಲ್ಲವೇ ಇಲ್ಲ. ಬೆಳಗಾವಿ, ವಿಜಯಪುರ, ಬೀದರುಗಳ ಕರಿನೆಲಕ್ಕೆ ತಾಯಿಯಾದ ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದರ ಮುಂದೆ ಅದು ನಿನ್ನೆ ಮೊನ್ನೆಯ ಮಾತು. ಸಾವಿರ ಡಿಗ್ರಿಗೂ ಮೀರಿದ ಕಾವಿನ ಕಲ್ಲಿನ ರಸ ಸಮುದ್ರದ ತಳದ ಬಿರುಕಿನಿಂದ ಹೊರಬಂದು ತಣ್ಣೀರನ್ನು ಮುಟ್ಟಿದಾಗ...

ಹುಡುಗಿ ತಲೆಯಾಡಿಸುತ್ತಿದ್ದಳು. ತಲೆಯಾಡಿಸುವುದಕ್ಕೂ ತಿಳಿಯುವುದಕ್ಕೂ ಇರುವ ಅಂತರವನ್ನು 31 ವರ್ಷ ಪಾಠ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಷ್ಟ್ರ ಮಾತು ನಿಂತಿತು.

ಅಷ್ಟರಲ್ಲಿ, ಬಂಡೆಯ ಅಂಚಿನಲ್ಲಿ ಕುಳಿತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತಿದ್ದ ಅಜ್ಜಿ ಕಲ್ಲನ್ನು ದಿಟ್ಟಿಸಿ ನೋಡಿ ನಕ್ಕರು.

“ಅಯ್ಯೋ, ಪಾಕ ನೋಡೋಕೆ ನೀರಿಗೆ ಬಿಟ್ಟ ಹಾಗೇ ಅದೆ ಕಣ್ರೀ.”

ಆಕೆಯ ತವರು ಮಳವಳ್ಳಿಯ ಬಳಿಯ ಒಂದು ಹಳ್ಳಿ. ತಂದೆಗೆ ಆಲೆಮನೆಯಿತ್ತು. ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುರುಕಿ ಉರಿ ಹಾಕುತ್ತಾರೆ. ಮೇಲೆ ಬಂದ ಮಡ್ಡಿಯನ್ನು ತೆಗೆದು ತೆಗೆದು ಹಾಲು ಕೆಂಪಗೆ, ಮಂದವಾಗಿ, ಗುಳುಗುಳು ಎನ್ನತೊಡಗುತ್ತದೆ. ಇಳಿಸುವ ಹದ ಯಾವುದೆಂಬುದು ಒಬ್ಬ ಅನುಭವಿಗೆ ಮಾತ್ರ ಗೊತ್ತು. ಅವನು ಕುದಿಯುವ ಪಾಕದಿಂದ ಒಂದಿಷ್ಟನ್ನು ತಣ್ಣೀರಿನ ಪಾತ್ರೆಗೆ ಬಿಡುತ್ತಾನೆ. ಹದ ಬಂದಿರದಿದ್ದರೆ ಅದು ನೀರಿನಲ್ಲಿ ಕರಗಿ ಹೋಗುತ್ತದೆ. ಬಂದಿದ್ದರೆ ಮುಟ್ಟಿದ ಕ್ಷಣವೇ ಮೇಲೊಂದು ಚರ್ಮ ಕಟ್ಟಿ, ದುಂಡಗೆ ಮಡಿಸಿಕೊಂಡು ತಳದಲ್ಲಿ ಕೂರುತ್ತದೆ. ತೆಗೆದು ಬೆರಳಿನಲ್ಲಿ ಅದುಮಿದರೆ ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ, ಬಿಸಿ.

“ಅವಸರ ಪಟ್ಟು ಅದುಮಿದರೆ ಚರ್ಮ ಒಡೆದು ಒಳಗಿನ ಬಿಸಿ ಪಾಕ ಪಿಸಕ್ ಅಂತ ಈಚೆಗೆ ಬರೋದು, ಬೆರಳು ಸುಡೋದು. ಬಂದದ್ದು ನೀರಿಗೆ ಬಿತ್ತು ಅಂದರೆ ಅದೂ ಒಂದು ಉಂಡೆ. ನಮ್ಮಣ್ಣಂದಿರು ಬೇಕೂಂತಲೇ ಹಾಗೆ ಮಾಡಿ ಉಂಡೆ ಮೇಲೆ ಉಂಡೆ ಮಾಡಿ ತಿನ್ನೋರು. ಇದು ಹಾಗೇ ಅಲ್ವಾ?”

ಹಾಗೆಯೇ. ಪಂಡಿತರು ಬರೆದಿರುವುದು ಇದಕ್ಕಿಂತ ಬೇರೆಯಲ್ಲ. ನೀರಿನೊಳಗೆ ಇಳಿದ ಲಾವಾದ ಹೊರಮೈ ಕ್ಷಣದಲ್ಲಿ ತಣಿದು ಗಾಜಿನಂಥ ಪೊರೆಯಾಗುತ್ತದೆ. ಒಳಗಿನ ರಸ ಇನ್ನೂ ಕುದಿಯುತ್ತಿರುತ್ತದೆ. ಹಿಂದಿನಿಂದ ಬರುವ ಒತ್ತಡಕ್ಕೆ ಪೊರೆ ಬಿರಿದು ಮತ್ತೊಂದು ಮೊಗ್ಗು ಹೊರಡುತ್ತದೆ. ಅದೂ ತಣಿದು ದಿಂಬಾಗುತ್ತದೆ. ಹವಾಯಿಯ ಕಡಲಿನಲ್ಲಿ ಮುಳುಗುಗಾರರು ಜೀವದ ಹಂಗು ತೊರೆದು ಹತ್ತಿರ ಹೋಗಿ, ಈ ದಿಂಬುಗಳು ಕಣ್ಣೆದುರಿಗೇ ಹುಟ್ಟುವುದನ್ನು ಚಿತ್ರ ತೆಗೆದು ಲೋಕಕ್ಕೆ ತೋರಿಸಿದರು. ಮಳವಳ್ಳಿಯ ಆಲೆಮನೆಯ ಹುಡುಗಿಯೊಬ್ಬಳು ಅದನ್ನು ಸುಟ್ಟ ಬೆರಳಿನಿಂದ ಎಂದೋ ತಿಳಿದಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಮೊಮ್ಮಗಳು ಈಗ ತಲೆಯಾಡಿಸಲಿಲ್ಲ. ತಾನೇ ಬಗ್ಗಿ ಒಂದು ದಿಂಬಿನ ಸುತ್ತ ಬೆರಳಾಡಿಸಿ, “ಅಜ್ಜಿ, ಇದೇನು ಅಂಚಿನಲ್ಲಿ ಬೇರೆ ಬಣ್ಣ?” ಎಂದಳು. “ಅದೇ ಕಣೇ ಚರ್ಮ” ಎಂದರು ಅಜ್ಜಿ. ಮಗನೂ ಬಂದು ಬಗ್ಗಿದ. ಸೊಸೆ ಫೋನಿನಲ್ಲಿ ಚಿತ್ರ ತೆಗೆಯತೊಡಗಿದಳು. ಮದುವೆಯಾಗಿ 45 ವರ್ಷವಾದ ಮೇಲೆ ತಮ್ಮ ಪಾಠವನ್ನು ಕಸಿದುಕೊಂಡ ಹೆಂಡತಿಯನ್ನು ಮೇಷ್ಟ್ರು ಕತ್ತು ತಿರುಗಿಸಿ ಹುಡುಕಿದರು. ಪಕ್ಕದಲ್ಲಿ ಕುಳಿತವರನ್ನು ಅವರು ಹೀಗೆ ಹುಡುಕಬೇಕಾಗುತ್ತದೆ. ಮುಖ ಸಿಕ್ಕಿತು.

“ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?”

“ನೀವು ಕಲ್ಲು ತೋರಿಸಿದ್ದೇ ಇವತ್ತು!”

ಇನ್ನೊಂದು ಸಂಗತಿಯಿತ್ತು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಮೆತ್ತಗಿರುವಾಗಲೇ ಒಂದರ ಮೇಲೊಂದು ಕೂರುವ ದಿಂಬುಗಳ ನೆತ್ತಿ ಉಬ್ಬಿರುತ್ತದೆ. ಬುಡ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಮೊನಚಾಗುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಪದರಗಳು ಮಡಿಸಿ, ಓರೆಯಾಗಿ, ಕೆಲವೆಡೆ ಬುಡಮೇಲಾಗಿಯೂ ಹೋಗಿದ್ದರೂ, ಹುಟ್ಟಿದ ದಿನ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಈ ಬಾಲದಿಂದ ಗುರುತಿಸಬಹುದು. ಮೇಷ್ಟ್ರು ಕನ್ನಡಕ ತೆಗೆದು ಮೊಮ್ಮಗಳ ಕೈಗಿತ್ತು, ಮಂಡಿಯೂರಿ, ಎರಡೂ ಅಂಗೈಗಳನ್ನು ಬಂಡೆಯ ಮೇಲಿಟ್ಟರು. ಉಬ್ಬಿದ ಬೆನ್ನನ್ನು ತಡವಿದರು. ಬೆರಳು ಅಂಚಿನ ಗುಂಟ ಇಳಿದು ಸಂದಿಯಲ್ಲಿ ಹೊಕ್ಕಿತು. ಮತ್ತೊಂದು, ಮಗದೊಂದು. ನಾಲ್ಕನೆಯದರಲ್ಲಿ ಬಾಲ ಸಿಕ್ಕಿತು. “ಇದು ತಲೆ, ಇದು ಬುಡ” ಎಂದು ಎರಡೂ ಕೈ ಹಿಡಿದು ತೋರಿಸಿದರು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು.

ಅಲ್ಲಿಂದ ಅವರನ್ನು ಎಬ್ಬಿಸಲು ಮಗ ಎರಡು ಸಲ ಕರೆಯಬೇಕಾಯಿತು.

ಊಟವಾದ ಮೇಲೆ ಜೋಗಿಮಟ್ಟಿ. ಚಿತ್ರದುರ್ಗದ ಪೇಟೆಗೆ ದಕ್ಷಿಣದಲ್ಲಿರುವ ಈ ಬೆಟ್ಟ 3,803 ಅಡಿ ಎತ್ತರ. ಸುತ್ತಣ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಅರಣ್ಯ ಇಲಾಖೆಯ ಬಾಗಿಲಿನಲ್ಲಿ ಹಣ ಕಟ್ಟಿ, ಸಂಜೆ ಇಂತಿಷ್ಟು ಹೊತ್ತಿಗೆ ಹಿಂತಿರುಗಬೇಕೆಂಬ ಎಚ್ಚರಿಕೆಯನ್ನು ಕೇಳಿಸಿಕೊಂಡು, ತಿರುವುಗಳ ದಾರಿಯಲ್ಲಿ ಏರಿದರು. ಚಿತ್ರದುರ್ಗದ ಸುತ್ತ ಹಳೆಯ ಲಾವಾ ಅಲ್ಲಲ್ಲಿ ತಲೆಯೆತ್ತುತ್ತದೆ. ತಾಮ್ರದ ಅದಿರು ತೆಗೆದ ಊರೊಂದಿದೆ. ಅದರ ಹೆಸರು ಇಂಗಳದಾಳ್. ಇಂಗಳವೆಂದರೆ ಕೆಂಡ. ಹೆಸರಿಟ್ಟವರಿಗೆ ಲಾವಾದ ವಾರ್ತೆ ತಿಳಿದಿರಲು ಸಾಧ್ಯವಿಲ್ಲ. ಆದರೂ ಭಾಷೆಯೊಮ್ಮೊಮ್ಮೆ ಇಂಥ ಚೇಷ್ಟೆ ಮಾಡುತ್ತದೆ. ವಿಚಿತ್ರವೆಂದರೆ ನಾಡಿನ ಜನಕ್ಕೆ ಪರಿಚಿತವಾದ ದುರ್ಗದ ಕೋಟೆ ಈ ಲಾವಾದ ಮೇಲಿಲ್ಲ, ಪಕ್ಕದ ಗ್ರಾನೈಟಿನ ಗುಂಡುಗಳ ಮೇಲಿದೆ. ಹೈದರಾಲಿ 1779ರಲ್ಲಿ ಮದಕರಿನಾಯಕನಿಂದ ಅದನ್ನು ಕಿತ್ತುಕೊಳ್ಳುವವರೆಗೆ ಪಾಳೆಯಗಾರರಿಗೆ ಆಸರೆಯಾದುದು ಆ ಗುಂಡುಗಳೇ. ಮದ್ದೂರಿನಿಂದ ಬೆಂಗಳೂರಿಗೆ ಹೋಗುವಾಗ ರಾಮನಗರದಲ್ಲಿ ಕಾಣುವ ಬೆಟ್ಟಗಳೂ ಗ್ರಾನೈಟೇ.

ಮೇಲೆ ಗಾಳಿ. ಸೊಸೆಯ ಸೆರಗು, ಮೊಮ್ಮಗಳ ಕೂದಲು, ಮಗನ ಕೈಯಲ್ಲಿದ್ದ ವಡೆಯ ಪೊಟ್ಟಣದ ಕಾಗದ, ಯಾವುದೂ ನಿಂತಲ್ಲಿ ನಿಲ್ಲದು. ಸುತ್ತಲೂ ಸಾಲುಬೆಟ್ಟಗಳು, ಅವುಗಳ ನೆತ್ತಿಯ ಗುಂಟ ಗಾಳಿಯಂತ್ರಗಳು. ಆಚೆಗೆ ಬಯಲು. ಸುಗ್ಗಿ ಮುಗಿದು ಬರಿದಾದ ಶೇಂಗಾ, ಮೆಕ್ಕೆಜೋಳದ ಹೊಲಗಳು, ನಡುವೆ ಎಲ್ಲೋ ಒಂದು ಕೆರೆಯ ಹೊಳಪು.

ಕಣ್ಣುಳ್ಳವರು ಇದನ್ನು ಒಂದೇ ನೋಟದಲ್ಲಿ ನುಂಗಿ, ಚೆನ್ನಾಗಿದೆ ಎಂದು, ಚಿತ್ರ ತೆಗೆದುಕೊಂಡು ಹಿಂತಿರುಗುತ್ತಾರೆ. ಮೇಷ್ಟ್ರಿಗೆ ಅದು ಸಾಧ್ಯವಿರಲಿಲ್ಲ. ಅವರು ಭೂಮಾಪನ ಇಲಾಖೆಯ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನಾಡನ್ನು ಜೋಡಿಸುವವರಂತೆ ನೋಡತೊಡಗಿದರು. ಮೊದಲು ಬೆಟ್ಟದ ಬುಡದ ಒಂದು ತುಂಡು. ತಲೆಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರೆ ಪಕ್ಕದ ತುಂಡು. ಹಿಂದಿನದನ್ನು ಮರೆಯುವ ಮುನ್ನ ಮುಂದಿನದನ್ನು ಹೊಲಿಯಬೇಕು. ಗಾಳಿಯಂತ್ರದ ಒಂದು ರೆಕ್ಕೆ ಕೊಳವೆಯೊಳಗೆ ಮೂಡಿತು, ಹೋಯಿತು. ಎರಡನೆಯದು ಮೂಡಿತು, ಹೋಯಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಹೀಗೆ ಪೂರ್ವದಿಂದ ದಕ್ಷಿಣಕ್ಕೆ ಬರಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಒಂದು ದಿಕ್ಕನ್ನು ನೋಡಿದವರು ಆ ಬೆಟ್ಟದ ಮೇಲೆ ಹೆಚ್ಚು ಮಂದಿ ಇರಲಾರರು.

ದಕ್ಷಿಣದಲ್ಲಿ ಬೆಟ್ಟಸಾಲು ಒಂದರ ಹಿಂದೊಂದು ನೀಲಿಯಾಗುತ್ತ ಹೋಗಿ ಮಸುಕಿನಲ್ಲಿ ಅಡಗಿತ್ತು. ಅದೇ ಹುರಿ ನೆಲದಡಿಯಲ್ಲೋ ಮೇಲೋ ಹರಿದು ಶ್ರೀರಂಗಪಟ್ಟಣದವರೆಗೆ ಹೋಗುತ್ತದೆ.

“ಕರಿಘಟ್ಟ ಆ ಕಡೆಗೆ” ಎಂದರು ಮೇಷ್ಟ್ರು, ಕೈ ಚಾಚಿ.

“ಕಾಣುತ್ತಾ ತಾತ?”

“ಇಲ್ಲಮ್ಮ. ಕಣ್ಣು ಚೆನ್ನಾಗಿದ್ದವರಿಗೂ ಕಾಣಲ್ಲ.”

ಹಾಗೆಂದು ಅವರಿಗೆ ಏನೋ ಸಮಾಧಾನವಾದಂತೆ ತೋರಿತು. ಅಜ್ಜಿಗೆ ಮಾತ್ರ ಈ ಬಯಲು ಹಿಡಿಸಲಿಲ್ಲ. ಮಂಡ್ಯದ ಸೀಮೆಯ ಹೆಣ್ಣುಮಗಳಾದ ಆಕೆ ಬರಿಯ ಹೊಲಗಳನ್ನು ನೋಡಿ, “ಪಾಪ, ಇವರಿಗೆ ನಾಲೆ ನೀರಿಲ್ಲವಲ್ಲ” ಎಂದು ಮರುಗಿದರು. ಸೌಂದರ್ಯೋಪಾಸಕರು ಇದನ್ನು ಕೇಳಿ ನಗಬಹುದು; ಆದರೆ ಬಯಲನ್ನು ನೋಡಿ ಅಲ್ಲಿ ಬಾಳುವವರ ನೀರಿನ ಚಿಂತೆ ಮಾಡುವವರು ನೋಡಲು ಬಾರದವರೆಂದು ಹೇಳುವುದು ಕಷ್ಟ.

ಉತ್ತರ ದಿಕ್ಕು ಇನ್ನೂ ಉಳಿದಿತ್ತು. ದುರ್ಗದ ಕೋಟೆ ಅತ್ತ ಕಡೆಯೇ. ಬಿಸಿಲು ಓರೆಯಾಗಿ ಬಂಡೆಗಳು ಕೆಂಪೇರತೊಡಗಿದ್ದವು. ಹೊತ್ತು ಐದಾಯಿತು. ಆರು ಗಂಟೆಗೆ ಹಾಕಬೇಕಾದ ಹನಿಯನ್ನು ದಾರಿಯ ಕುಲುಕಾಟದಲ್ಲಿ ಹಾಕಲಾಗದೆಂದು ಇಲ್ಲಿಯೇ ಹಾಕಿಬಿಡುವುದಾಗಿ ಮನೆಯಾಕೆ ಹೇಳಿದರು. ಮಗ, “ಈಗ ಬೇಡಮ್ಮ, ಒಳ್ಳೆ ಬೆಳಕಿದೆ, ಅಪ್ಪ ನೋಡಲಿ” ಎಂದ. ಮೂರು ವಾರ ಬೇಡವೆಂದು ವಾದಿಸಿದವನು ಅವನೇ.

“ಇವತ್ತು ನೋಡೋಕೆ ಅಂತ ನಾಳೇದನ್ನ ಕಳೆಯೋಕಾಗುತ್ತಾ?” ಎಂದರು ತಾಯಿ.

ಮೇಷ್ಟ್ರು ಗಾಳಿಗೆ ಬೆನ್ನುಮಾಡಿ ಕಲ್ಲಿನ ಮೇಲೆ ಕುಳಿತು ಮುಖವೆತ್ತಿದರು. ಮೊಮ್ಮಗಳೂ ಸೊಸೆಯೂ ಎರಡು ಬದಿಯಲ್ಲಿ ಸೆರಗು ದುಪ್ಪಟಗಳನ್ನು ಹಿಡಿದು ಗಾಳಿಗೆ ಮರೆಯಾದರು. ಮೊದಲ ಹನಿಯನ್ನು ಗಾಳಿ ಕೆನ್ನೆಯ ಮೇಲೆ ಹಾರಿಸಿತು. ಎರಡನೆಯದು ಸರಿಯಾಗಿ ಬಿದ್ದಿತು. ರೆಪ್ಪೆ ಮುಚ್ಚಿ, ಮೂಗಿನ ಮೂಲೆಯನ್ನು ಒತ್ತಿ ಅವರು ಕುಳಿತರು.

“ಏನೇನು ಕಾಣುತ್ತೆ ಹೇಳು” ಎಂದರು, ಕಣ್ಣು ಮುಚ್ಚಿಕೊಂಡೇ.

ಆಕೆಗೆ ವರ್ಣನೆ ಮಾಡಿ ಅಭ್ಯಾಸವಿಲ್ಲ. ಉತ್ತರಕ್ಕೆ ಒಮ್ಮೆ ನೋಡಿದರು. “ಕೋಟೆ ಗೋಡೆ ಅದೆ. ದೊಡ್ಡದು. ಬಂಡೆ ಮೇಲೆ ಹತ್ತಿ ಇಳಿದು ಹೋಗದೆ. ಬಿಸಿಲು ಬಿದ್ದು ಹದವಾದ ಬೆಲ್ಲದ ಬಣ್ಣ ಬಂದದೆ.” ಸ್ವಲ್ಪ ತಡೆದು, “ಹಳೇ ಬೆಲ್ಲ ಅಲ್ಲ, ಹೊಸದು” ಎಂದು ಸೇರಿಸಿದರು.

ಗಡಿಯಾರ ನೋಡಿ ಎರಡು ನಿಮಿಷವಾಯಿತೆಂದು ಮೊಮ್ಮಗಳು ಹೇಳಿದಳು. ಮೇಷ್ಟ್ರು ಕರವಸ್ತ್ರದಿಂದ ಕೆನ್ನೆಯೊರೆಸಿಕೊಂಡು, ಕನ್ನಡಕ ಏರಿಸಿ ಎದ್ದು ನಿಂತರು. ಎರಡನೆಯ ಸೀಸೆಗೆ ಇನ್ನೂ ಮೂರು ನಿಮಿಷವಿತ್ತು. ಮಡದಿಯ ಭುಜದ ಮೇಲೆ ಕೈಯಿಟ್ಟು ಅವರು ಉತ್ತರಕ್ಕೆ ತಿರುಗಿ ಕೋಟೆಯ ಗೋಡೆಯನ್ನು ಎಡಗಡೆಯ ತುದಿಯಿಂದ ನೋಡತೊಡಗಿದರು.